ಸಮೀಕರಣ ಬಿಡಿಸದೆಯೇ ಎಷ್ಟು ಪರಿಹಾರ ಇದೆ ಅಂತ ಹೇಳುವುದು ಹೇಗೆ?

ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ವಡೆ ತಿಂದಿರಿ. ಬಿಲ್ 50 ರೂಪಾಯಿ. ಇಡ್ಲಿಗೆಷ್ಟು, ವಡೆಗೆಷ್ಟು? ಇಷ್ಟರಲ್ಲೇ ಹೇಳೋಕೆ ಆಗುವುದಿಲ್ಲ, ಅಲ್ವಾ? ಪಕ್ಕದ ಟೇಬಲ್‌ನವರು ಮೂರು ಇಡ್ಲಿ, ಎರಡು ವಡೆಗೆ 85 ಕೊಟ್ಟರು ಅಂತ ಗೊತ್ತಾದರೆ ಲೆಕ್ಕ ಮುಗಿಯಿತು: ಇಡ್ಲಿ 15, ವಡೆ 20, ಬೇರೆ ಉತ್ತರವೇ ಇಲ್ಲ. ಆದರೆ ಅವರು ನಾಲ್ಕು ಇಡ್ಲಿ, ಎರಡು ವಡೆ ತಿಂದು 100 ಕೊಟ್ಟಿದ್ದರೆ? ಅದು ನಿಮ್ಮ ಬಿಲ್ಲೇ, ಎರಡರಷ್ಟು ಮಾಡಿ ಬರೆದದ್ದು. ಹೊಸದೇನೂ ತಿಳಿಯಲಿಲ್ಲ, ಆದ್ದರಿಂದ ಅಪರಿಮಿತ ಪರಿಹಾರಗಳು. ಅದೇ ತಿಂಡಿಗೆ 110 ಆಗಿದ್ದರೆ ಎರಡೂ ಬಿಲ್ ಒಟ್ಟಿಗೆ ಸರಿ ಇರಲು ಸಾಧ್ಯವಿಲ್ಲ, ಅಂದರೆ ಪರಿಹಾರವೇ ಇಲ್ಲ.

ಹತ್ತನೇ ತರಗತಿಯ ಅನುಪಾತದ ನಿಯಮ ಹೇಳುವುದೂ ಇದನ್ನೇ. ಇಡ್ಲಿ ಬೆಲೆ ಎಕ್ಸ್, ವಡೆ ಬೆಲೆ ವೈ ಅಂದುಕೊಂಡರೆ ಒಂದೊಂದು ಬಿಲ್ಲೂ ಒಂದು ಸಮೀಕರಣ, ನಕ್ಷೆಯಲ್ಲಿ ಎಳೆದರೆ ಒಂದು ಸರಳ ರೇಖೆ. ಎಕ್ಸ್‌ನ ಸಹಗುಣಕಗಳ (ಅಂದರೆ ಅದಕ್ಕೆ ಗುಣಿಸಿರುವ ಸಂಖ್ಯೆಗಳ) ಅನುಪಾತ, ವೈನ ಸಹಗುಣಕಗಳ ಅನುಪಾತ ಎರಡನ್ನೂ ಮೊದಲು ನೋಡಿ. ಬೇರೆ ಬೇರೆ ಬಂದರೆ ರೇಖೆಗಳು ಒಂದೇ ಕಡೆ ಛೇದಿಸುತ್ತವೆ, ಅನನ್ಯ ಪರಿಹಾರ, ಅಂದರೆ ಒಂದೇ ಒಂದು ಉತ್ತರ. ಸ್ಥಿರಾಂಕದ (ಎಕ್ಸ್, ವೈ ಇಲ್ಲದ ಒಂಟಿ ಸಂಖ್ಯೆಯ) ಕಡೆ ತಿರುಗಿಯೂ ನೋಡಬೇಡಿ. ಸಮ ಬಂದರೆ ಮಾತ್ರ ಸ್ಥಿರಾಂಕಗಳ ಅನುಪಾತ ತೆಗೆಯಿರಿ. ಅದೂ ಸಮವಾದರೆ ಒಂದೇ ರೇಖೆ, ಅಪರಿಮಿತ ಪರಿಹಾರಗಳು; ಆಗದಿದ್ದರೆ ಸಮಾಂತರ ರೇಖೆಗಳು, ಪರಿಹಾರವೇ ಇಲ್ಲ.

ಮಕ್ಕಳು ಜಾಸ್ತಿ ಎಡವುವುದು ನಿಯಮದಲ್ಲಲ್ಲ, ಬರೆಯುವ ಕ್ರಮದಲ್ಲಿ. ಇದನ್ನು ನೋಡಿ:

3ಎಕ್ಸ್ − 2ವೈ = 5
4ವೈ = 6ಎಕ್ಸ್ − 10

ಕಣ್ಣಿಗೆ ಕಂಡ ಹಾಗೆ 3/6, −2/4 ಅಂತ ಬರೆದರೆ 1/2 ಮತ್ತು −1/2 ಬರುತ್ತದೆ, ಸಮ ಇಲ್ಲ, ಅನನ್ಯ ಪರಿಹಾರ ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಎರಡನೆಯದನ್ನು ಮೊದಲನೆಯದರ ಕ್ರಮಕ್ಕೇ ತನ್ನಿ: 6ಎಕ್ಸ್ − 4ವೈ = 10. ಈಗ ಮೂರೂ ಅನುಪಾತ 1/2. ಅಪರಿಮಿತ ಪರಿಹಾರಗಳು! ದಯವಿಟ್ಟು ಈ ಒಂದು ಸಾಲನ್ನು ಬಿಡಬೇಡಿ, ಮನಸ್ಸಿನಲ್ಲೇ ಮಾಡಿಕೊಳ್ಳುತ್ತೇನೆ ಅನ್ನಲೂ ಬೇಡಿ.

ಛೇದದಲ್ಲಿ ಸೊನ್ನೆ ಬಂದರೆ ಭಾಗಿಸಬೇಡಿ, ಓರೆ ಗುಣಾಕಾರ ಮಾಡಿ ಹೋಲಿಸಿ.

ಇನ್ನು 'ಕೆ ಬೆಲೆ ಕಂಡುಹಿಡಿಯಿರಿ' ಅನ್ನುವ ಪ್ರಶ್ನೆ. ಕೆ·ಎಕ್ಸ್ + 2ವೈ = 4, 8ಎಕ್ಸ್ + ಕೆ·ವೈ = 8, ಅಪರಿಮಿತ ಪರಿಹಾರ ಬೇಕು ಅಂತಿಟ್ಟುಕೊಳ್ಳಿ. ಕೆ/8 = 2/ಕೆ, ಅಂದರೆ ಕೆ ವರ್ಗ 16, ಕೆ = 4 ಅಥವಾ −4. ಸುಮ್ನೆ ಎರಡನ್ನೂ ಬರೆದು ಬಿಡಬೇಡಿ, ಸ್ಥಿರಾಂಕಗಳ ಅನುಪಾತ 4/8 ಜೊತೆ ತಾಳೆ ನೋಡಿ. ಕೆ = 4 ಹಾಕಿದರೆ ಮೂರೂ 1/2, ಇದೇ ಉತ್ತರ. ಕೆ = −4 ಹಾಕಿದರೆ −1/2, −1/2, 1/2, ಅಲ್ಲಿ ಪರಿಹಾರವೇ ಇಲ್ಲ.