ಏಳು ಜನ, ಒಂದು ರೆಕಾರ್ಡ್, ಒಂದೇ ಬದಿ

ಗೆಳೆಯರನ್ನು ಮನೆಗೆ ಕರೆದು ಮೊದಲ ಸಲ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡುಗಾರಿಕೆ, ಕೇಳಿಸಿದ ದಿನ ಹತ್ತೊಂಬತ್ತು ಹಾಡು ಹಾಕಿದ್ದೆ. ನಡುನಡುವೆ ನನ್ನ ಉಪನ್ಯಾಸ ಬೇರೆ. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1936ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಹಾಡಿದ್ದು, 1938ರಲ್ಲಿ ಇಪ್ಪತ್ತೇಳರ ಹರೆಯದಲ್ಲೇ ತೀರಿಕೊಂಡಿದ್ದು ಎಲ್ಲವನ್ನೂ ವಿವರಿಸಿ ತಿರುಗಿ ನೋಡಿದರೆ ಕುರ್ಚಿಯಲ್ಲಿ ಒಬ್ಬ ಗೊರಕೆ ಹೊಡೆಯುತ್ತಿದ್ದ. ಅಂದಿನಿಂದ ನಮ್ಮ ಮನೆಯ ಕಟ್ಟಳೆ ಬದಲಾಯಿತು: ತಿಂಗಳಿಗೆ ಒಂದು ಭಾನುವಾರ, ಏಳೇ ಜನ, ಒಂದು ಆಲ್ಬಮ್‌ನ ಒಂದೇ ಬದಿ.

ಎಲ್‌ಪಿಯ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆಯ, ಒಂದು ಬದಿ ಸುಮಾರು ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಎಂಥವರೂ ಸುಮ್ಮನೆ ಕೂರುತ್ತಾರೆ. ರೆಕಾರ್ಡ್ ಇಲ್ಲದಿದ್ದರೆ ಮೊಬೈಲ್ ಸಾಕು, ಆದರೆ ಮೂಲದಲ್ಲಿ ಮೊದಲ ಬದಿ ಯಾವ ಹಾಡಿಗೆ ಮುಗಿಯುತ್ತಿತ್ತು ಎಂದು ನೋಡಿಕೊಂಡು ಅಲ್ಲಿಗೇ ನಿಲ್ಲಿಸಿ. ಕರೆಗಳು ಬಾರದಂತೆ ಮಾಡಿಡಿ. ಕಾಫಿಯನ್ನು ಮೊದಲೇ ಕೊಟ್ಟು ಲೋಟಗಳನ್ನು ಒಳಗೆ ಸಾಗಿಸಿಬಿಡಿ.

ಹೊಸಬರಿದ್ದರೆ ನಾನು ತೆಗೆಯುವುದು ಮಡ್ಡಿ ವಾಟರ್ಸ್‌ನ 1964ರ ‘ಫೋಕ್ ಸಿಂಗರ್’. ಷಿಕಾಗೋದಲ್ಲಿ ಎಲೆಕ್ಟ್ರಿಕ್ ಗಿಟಾರಿನಿಂದ ಹೆಸರು ಮಾಡಿದ್ದವನು ಇಲ್ಲಿ ಅದನ್ನು ಬದಿಗಿಟ್ಟು ಮರದ ಗಿಟಾರ್ ಹಿಡಿದಿದ್ದಾನೆ. ಜೊತೆಗೆ ಇನ್ನೊಂದು ಗಿಟಾರ್ ಹಿಡಿದ ಯುವಕ ಬಡಿ ಗೈ. ಉಸಿರು ಎಳೆದುಕೊಳ್ಳುವುದೂ ಕೇಳಿಸುವಷ್ಟು ಹತ್ತಿರದ ದನಿ, ಅದರ ಸುತ್ತ ಬೇಕಾದಷ್ಟು ಮೌನ. ಸ್ಪೀಕರ್ ದೊಡ್ಡದಿರಬೇಕಿಲ್ಲ, ಫ್ಯಾನ್ ಆರಿಸಿದರೆ ಸಾಕು.

ನಲವತ್ತು ವರ್ಷ ಕರ್ನಾಟಕ ಸಂಗೀತ ಕೇಳಿರುವ ಪಕ್ಕದ ಮನೆಯ ಅತ್ತೆ ಒಮ್ಮೆ ಬಂದು ಕೂತಿದ್ದರು. ಗಾಜಿನ ಅಥವಾ ಲೋಹದ ಕೊಳವೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಎಳೆಯುವ ಆ ಸದ್ದು ಕೇಳಿ, “ಇದು ನಮ್ಮ ಜಾರು ಅಲ್ಲವೇನಪ್ಪ?” ಎಂದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಅದು. ನನ್ನ ಉಪನ್ಯಾಸ ಹೇಳದಿದ್ದುದನ್ನು ಆ ಒಂದು ಮಾತು ಹೇಳಿತು. ಮುಂದಿನ ತಿಂಗಳು ಅವರಿಗೆಂದೇ, ಹೀಗೆ ತಂತಿಯ ಮೇಲೆ ಜಾರಿಸಿ ಗಿಟಾರ್ ನುಡಿಸುವ ರೈ ಕೂಡರ್ ಮತ್ತು ವಿಶ್ವಮೋಹನ್ ಭಟ್ಟರ ‘ಎ ಮೀಟಿಂಗ್ ಬೈ ದ ರಿವರ್’ (1993) ಹಾಕಿದೆ. ಕೇಳುವವರ ಕಿವಿ ಈಗಾಗಲೇ ಎಲ್ಲಿದೆಯೋ ಅಲ್ಲಿಂದಲೇ ಕರೆದೊಯ್ಯಿರಿ.

ರಾಕ್ ಮಾತ್ರ ಕೇಳುವವರಿಗೆ ಬೇರೆಯ ಉಪಾಯವಿದೆ. ಲೆಡ್ ಜೆಪ್ಪೆಲಿನ್‌ನ 1971ರ ನಾಲ್ಕನೆಯ ಆಲ್ಬಮ್‌ನ ಎರಡನೇ ಬದಿ ಹಾಕಿ. ಅದು ‘ವೆನ್ ದ ಲೆವೀ ಬ್ರೇಕ್ಸ್’ಗೆ (ನದಿಯ ಒಡ್ಡು ಒಡೆದಾಗ) ಮುಗಿಯುತ್ತದೆ. ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ ಡ್ರಮ್‌ಗಳನ್ನು ಮೆಟ್ಟಿಲ ಬುಡದಲ್ಲಿಟ್ಟು, ಮೈಕ್‌ಗಳನ್ನು ಮೇಲಿನಿಂದ ಇಳಿಬಿಟ್ಟು ಮುದ್ರಿಸಿದ ಆ ಗುಡುಗಿಗೆ ಮನೆಯ ಕಿಟಕಿಯೂ ನಡುಗುತ್ತದೆ. ಮುಗಿದ ಮೇಲೆ ಮಾತಾಡದೆ, ಅದೇ ಹಾಡನ್ನು ಬ್ಲೂಸ್ ಜೋಡಿ ಮೆಂಫಿಸ್ ಮಿನ್ನಿ ಮತ್ತು ಕಾನ್ಸಸ್ ಜೋ ಮೆಕಾಯ್ 1929ರಲ್ಲಿ ಮುದ್ರಿಸಿದ ರೂಪದಲ್ಲಿ ಕೇಳಿಸಿ. ಎರಡು ಗಿಟಾರ್, ಒಂದು ದನಿ, ಮೂರು ನಿಮಿಷ ಚಿಲ್ಲರೆ. 1927ರ ಮಿಸಿಸಿಪ್ಪಿ ಪ್ರವಾಹದಲ್ಲಿ ಲಕ್ಷಾಂತರ ಜನ ಮನೆಮಾರು ಕಳೆದುಕೊಂಡಿದ್ದರು, ಹಾಡು ಅದರದ್ದು. ಇದನ್ನು ಎರಡೇ ವಾಕ್ಯದಲ್ಲಿ ಹೇಳಿ. ಕಾಲಕ್ರಮಕ್ಕೆ ಕಟ್ಟುಬಿದ್ದು ಹಳೆಯದನ್ನು ಮೊದಲು ಹಾಕಬೇಡಿ. ಹಾಗೆ ಮಾಡಿದಾಗಲೆಲ್ಲ ಅದನ್ನು ಪೀಠಿಕೆ ಎಂದುಕೊಂಡು ಯಾರೂ ಕಿವಿಗೊಡಲಿಲ್ಲ. ಗುಡುಗಿನ ನಂತರ ಬಂದರೆ ಎಲ್ಲರೂ ಮುಂದಕ್ಕೆ ಬಾಗುತ್ತಾರೆ. ಹಳೆಯ ಮುದ್ರಣದ ಕರಕರ ಸದ್ದು ಇದ್ದೇ ಇರುತ್ತದೆಂದು ಮೊದಲೇ ಹೇಳಿಬಿಡಿ, ಇಲ್ಲವಾದರೆ ಯಾರಾದರೂ ಎದ್ದು ಹೋಗಿ ವೈರ್ ಅಲ್ಲಾಡಿಸುತ್ತಾರೆ.

ಕಥೆ ಹೇಳುವ ಚಪಲ ತಡೆಯದಿದ್ದರೆ ಬ್ಲೂಸ್ ಗಾಯಕ ಮಿಸಿಸಿಪ್ಪಿ ಜಾನ್ ಹರ್ಟ್‌ನದನ್ನು ಹೇಳಿ. 1928ರಲ್ಲಿ ಕೆಲವು ಹಾಡು ಮುದ್ರಿಸಿ ಮರೆಯಾದವನನ್ನು, ಅವನದೇ ಹಾಡಿನಲ್ಲಿದ್ದ ಅವಲಾನ್ ಎಂಬ ಊರಿನ ಹೆಸರು ಹಿಡಿದು 1963ರಲ್ಲಿ ಪತ್ತೆ ಮಾಡಿದರು. ಈ ಕಥೆಗೆ ಮಾತ್ರ ಯಾರೂ ನಿದ್ದೆ ಮಾಡಿಲ್ಲ.

ಇಂಗ್ಲಿಷ್ ಗಾಯಕ ನಿಕ್ ಡ್ರೇಕ್‌ನ ‘ಪಿಂಕ್ ಮೂನ್’ (1972) ನಮ್ಮ ಕಟ್ಟಳೆಗೆ ಹೊರತು. ಎರಡೂ ಬದಿ ಸೇರಿ ಇಪ್ಪತ್ತೆಂಟೇ ನಿಮಿಷ, ಹೆಚ್ಚುಕಡಿಮೆ ಒಂದು ದನಿ, ಒಂದು ಗಿಟಾರ್. ಕತ್ತಲಾದ ಮೇಲೆ ಹಾಕಿ. ಮುಗಿದ ತಕ್ಷಣ “ಹೇಗಿತ್ತು?” ಎಂದು ಕೇಳಬೇಡಿ, ಚಪ್ಪಲಿ ಹಾಕಿಕೊಳ್ಳುವಾಗ ಅವರೇ ಏನಾದರೂ ಹೇಳುತ್ತಾರೆ.

ಕೊನೆಗೆ ಯಾರಾದರೂ ರೆಕಾರ್ಡ್ ಎರವಲು ಕೇಳುವುದು ಖಂಡಿತ. ಸಂತೋಷದಿಂದ ಕೊಡಿ, ಆದರೆ ಹೆಸರು, ತಾರೀಖು ಬರೆದಿಟ್ಟುಕೊಳ್ಳಿ. ನನ್ನ ನೋಟ್‌ಬುಕ್‌ನಲ್ಲಿ ಇಂಗ್ಲಿಷ್ ಜಾನಪದ-ರಾಕ್ ತಂಡ ಫೇರ್‌ಪೋರ್ಟ್ ಕನ್ವೆನ್ಷನ್‌ನ ‘ಲೀಜ್ ಅಂಡ್ ಲೀಫ್’ ಎದುರು, ವಾಪಸ್ ಬಂದ ತಾರೀಖಿನ ಜಾಗ ಆರು ವರ್ಷದಿಂದ ಖಾಲಿ ಇದೆ. ತೆಗೆದುಕೊಂಡು ಹೋದವನು, ಅಂದು ಗೊರಕೆ ಹೊಡೆದವನೇ.