ಹಗುರ ದೋಣಿ ಟ್ರೈಲರ್‌ಗೆ ಯಾವ ಟಯರ್? ಕೊಡಗಿನ ರಸ್ತೆಯಲ್ಲಿ ನನ್ನ ಅನುಭವ

ಹನ್ನೆರಡು ಅಡಿಯ ಫೈಬರ್ ದೋಣಿಯನ್ನು ಜೀಪಿನ ಹಿಂದೆ ಕಟ್ಟಿಕೊಂಡು ತೋಟದ ಕೆರೆಯಿಂದ ಹೊಳೆಗೆ, ಹೊಳೆಯಿಂದ ಹಿನ್ನೀರಿನ ದಂಡೆಗೆ ಸಾಗಿಸುವಾಗ ದೋಣಿ ನೀರಿಗಿಂತ ರಸ್ತೆಯಲ್ಲೇ ಹೆಚ್ಚು ಸವೆಯುತ್ತದೆ. ತಳ ಟ್ರೈಲರ್ ಹಲಗೆಯ ಮೇಲೆ ಕೂರುವ ಜಾಗದಲ್ಲಿ ಜೇಡರ ಬಲೆಯ ಹಾಗೆ ಸಣ್ಣ ಬಿರುಕು ಬಿಡುತ್ತದೆ. ಮೋಟಾರ್ ಕೂರಿಸಿದ ಹಿಂಬದಿಯ ಬೋಲ್ಟ್ ಸಡಿಲವಾಗುತ್ತದೆ. ಬಿಗಿಯಾಗಿ ಕಟ್ಟಿದ ಬೆಲ್ಟ್ ಸಿದ್ದಾಪುರದಿಂದ ಹೊರಟು ಕುಶಾಲನಗರ ತಲುಪುವಷ್ಟರಲ್ಲಿ ಜೋಲು ಬಿದ್ದಿರುತ್ತದೆ. ಈ ಮೂರರಲ್ಲಿ ಒಂದು ಕಂಡರೂ ಮೊದಲು ನೋಡಬೇಕಾದ್ದು ಟಯರ್. ಹಗುರ ಟ್ರೈಲರ್‌ನಲ್ಲಿ ನಿಜವಾದ ಸ್ಪ್ರಿಂಗ್ ಟಯರೇ. ಕೆಳಗಿರುವ ಕಮಾನ್ ಪ್ಲೇಟ್ (ಸ್ಪ್ರಿಂಗ್ ಹಾಗೆ ಬಾಗಬೇಕಾದ ಉಕ್ಕಿನ ಪಟ್ಟಿಗಳ ಕಟ್ಟು) ಹೆಚ್ಚಿನ ಸಮಯ ಸುಮ್ಮನೆ ಕೂತಿರುತ್ತದೆ.

ಅದನ್ನು ಕಣ್ಣಾರೆ ನೋಡಲು ಸುಲಭದ ದಾರಿಯಿದೆ. ಆಕ್ಸಲ್‌ಗೂ ಅದರ ಮೇಲಿನ ಚಾಸಿಸ್‌ಗೂ ನಡುವೆ ನನ್ನ ಟ್ರೈಲರ್‌ನಲ್ಲಿ 75 ಮಿ.ಮೀ. ಅಂತರ. ಆಕ್ಸಲ್ ಮೇಲೆ 70 ಮಿ.ಮೀ. ಎತ್ತರದ ಹಸಿ ಜೇಡಿಮಣ್ಣಿನ ಉಂಡೆ ಅಂಟಿಸಿ, ದೋಣಿ ಹೇರಿ, ಗುಂಡಿ ಬಿದ್ದ ತೋಟದ ದಾರಿಯಲ್ಲಿ ಎರಡು ಕಿಲೋಮೀಟರ್ ಎಳೆದೆ. ಬಿಚ್ಚಿ ಅಳೆದರೆ ಉಂಡೆಯ ತಲೆ ಚಪ್ಪಟೆಯಾಗಿದ್ದು ನಾಲ್ಕೇ ಮಿಲಿಮೀಟರ್. ಅಂದರೆ ಪ್ಲೇಟ್ ಬಾಗಿದ್ದು ತೀರಾ ಕಡಿಮೆ. ಪ್ರತಿ ಗುಂಡಿಗೂ ಟ್ರೈಲರ್ ಇಡಿಯಾಗಿ ಎದ್ದು ಬಿದ್ದಿದೆ, ಏಟೆಲ್ಲ ದೋಣಿಗೆ ತಾಗಿದೆ. ಆಗ ಹಾಕಿದ್ದು ಆಟೋರಿಕ್ಷಾದ 4.00-8 ನೈಲಾನ್ ಟಯರ್, ಗಾಳಿ 40 ಪಿಎಸ್‌ಐ. ಸಣ್ಣ ಟ್ರೈಲರ್ ಮಾಡುವ ವೆಲ್ಡಿಂಗ್ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಕೊಡುವುದು ಇದನ್ನೇ. ಅಗ್ಗ, ಎಲ್ಲೆಡೆ ಸಿಗುತ್ತದೆ, ಭಾರವನ್ನೂ ಹೊರುತ್ತದೆ. ಕುಲುಕಾಟದ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ.

ಟಯರ್ ಆರಿಸುವ ಮೊದಲು ತೂಕ ತಿಳಿಯಬೇಕು. ಅಂದಾಜು ಸಾಲದು. ಕಾಫಿ ಮೂಟೆ ತೂಗುವ ತಕ್ಕಡಿ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ, ಅದು ಸಾಕು. ಪ್ರಯಾಣಕ್ಕೆ ಹೊರಡುವ ಹಾಗೆಯೇ ಮೋಟಾರ್, ಪೆಟ್ರೋಲ್, ಲೈಫ್ ಜಾಕೆಟ್, ಲಂಗರು ಎಲ್ಲ ಹೇರಿ, ಒಂದೊಂದೇ ಚಕ್ರವನ್ನು ತಕ್ಕಡಿಗೆ ಹತ್ತಿಸಿ. ತಕ್ಕಡಿ ಎಷ್ಟು ಎತ್ತರವೋ ಅಷ್ಟೇ ದಪ್ಪದ ಮರದ ತುಂಡನ್ನು ಇನ್ನೊಂದು ಚಕ್ರದ ಕೆಳಗೂ ಇಡಬೇಕು. ಇಡದಿದ್ದರೆ ಟ್ರೈಲರ್ ವಾಲಿ ತೂಕ ತಪ್ಪು ಬರುತ್ತದೆ. ಮೂಕಿಯ ತುದಿಯನ್ನೂ ಜೀಪಿನ ಕೊಂಡಿಯ ಎತ್ತರಕ್ಕೇ ಇಟ್ಟು ತೂಗಿ. ನನ್ನದು ಬಂದದ್ದು ಹೀಗೆ: ಎಡ ಚಕ್ರ 171 ಕಿಲೋ, ಬಲ 159, ಮೂಕಿ 30. ಒಟ್ಟು 360. ಮೂಕಿಯ ಭಾರ ಒಟ್ಟು ತೂಕದ ನೂರಕ್ಕೆ ಎಂಟರಷ್ಟಿದೆ, ಅದು ಸರಿ. ಐದಕ್ಕಿಂತ ಕೆಳಗಿಳಿದರೆ ಟ್ರೈಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಅದನ್ನು ಯಾವ ಟಯರೂ ಸರಿಪಡಿಸಲಾರದು. ಹಾಗಾದರೆ ದೋಣಿಯನ್ನು ಒಂದೆರಡು ಇಂಚು ಮುಂದಕ್ಕೆ ತಳ್ಳಿ ಕಟ್ಟಬೇಕು.

ಈಗ ಟಯರ್‌ನ ಪಕ್ಕೆಯಲ್ಲಿ ಬರೆದ ಅಂಕೆ ನೋಡಿ. 145/80 ಆರ್12 ಎಂದರೆ ಅಗಲ 145 ಮಿ.ಮೀ., ಪಕ್ಕೆಯ ಎತ್ತರ ಅದರ ನೂರಕ್ಕೆ 80, ಆರ್ ಎಂದರೆ ರೇಡಿಯಲ್, ಟಯರ್ ಕೂರುವ ಉಕ್ಕಿನ ಡಿಸ್ಕ್ 12 ಇಂಚು. 4.00-8ರಲ್ಲಿ ಡಿಸ್ಕ್ 8 ಇಂಚು. ಹಳೆ ಮಾರುತಿ ಕಾರುಗಳ ಅಳತೆಯಾದ 145/80 ಆರ್12ರ ಮೇಲೆ 74 ಎಂದು ಬರೆದಿದ್ದರೆ ಅದು ಹೊರಬಲ್ಲ ಗರಿಷ್ಠ ಭಾರ 375 ಕಿಲೋ. 145/70 ಆರ್12ರಲ್ಲಿ 69 ಎಂದಿದ್ದರೆ 325 ಕಿಲೋ. ಟಾಟಾ ಏಸ್‌ನಂಥ ಗೂಡ್ಸ್ ಗಾಡಿಯ 145 ಆರ್12 ಎಲ್‌ಟಿ, ಎಂಟು ಪ್ಲೈ (ಪದರದ ಬಲ) ಇರುವುದರಲ್ಲಿ 86 ಎಂದಿದ್ದರೆ 530 ಕಿಲೋ. ನಮ್ಮ ಕಡೆ ಬಹಳ ಜನ ‘ಗಟ್ಟಿ ಇರಲಿ’ ಎಂದು ಈ ಕೊನೆಯದನ್ನೇ ಹಾಕಿಸುತ್ತಾರೆ. ನನ್ನ ಪ್ರಕಾರ ಅದು ತಪ್ಪು. ಒಂದು ಚಕ್ರದ ಮೇಲೆ 170 ಕಿಲೋ ಇರುವಾಗ 530 ಕಿಲೋದ ಟಯರ್ ಹಾಕಿದರೆ, ಗಾಳಿ ಎಷ್ಟೇ ಇಳಿಸಿದರೂ ಅದರ ದಪ್ಪ ಪಕ್ಕೆ ಬಾಗುವುದಿಲ್ಲ. ಟ್ರೈಲರ್‌ನ ಒಟ್ಟು ತೂಕ 700 ಕಿಲೋ ದಾಟುವವರಿಗೆ ಅದು ಬೇಕು. 400ರ ಒಳಗಿನವರಿಗೆ ಬೇಡ.

ಚಕ್ರದ ಎತ್ತರದ್ದು ಇನ್ನೊಂದು ಲೆಕ್ಕ. 4.00-8 ಟಯರ್ ಸುಮಾರು 41 ಸೆಂ.ಮೀ. ಎತ್ತರ, 145/80 ಆರ್12 ಸುಮಾರು 54 ಸೆಂ.ಮೀ. ರಸ್ತೆಯಲ್ಲಿ 25 ಸೆಂ.ಮೀ. ಉದ್ದದ ಒಂದು ಗುಂಡಿ ಬಂದರೆ ಎಂಟಿಂಚಿನ ಚಕ್ರ ಅದರೊಳಗೆ 42 ಮಿ.ಮೀ. ಇಳಿಯುತ್ತದೆ, ಹನ್ನೆರಡಿಂಚಿನದು 31 ಮಿ.ಮೀ. ಗುಂಡಿಯ ಆಚೆ ಅಂಚಿಗೆ ಬಡಿಯುವ ಕೋನವೂ ದೊಡ್ಡ ಚಕ್ರದಲ್ಲಿ ಮೃದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಿಕ್ಕ ಚಕ್ರ ನಿಮಿಷಕ್ಕೆ ಸುಮಾರು 770 ಸುತ್ತು ತಿರುಗಿದರೆ ದೊಡ್ಡದು 590. ಬೇರಿಂಗ್ ಬಿಸಿಯಾಗುವುದೂ ಅಷ್ಟೇ ಕಡಿಮೆ. ಬೇರಿಂಗ್ ಕೂರುವ ಚಕ್ರದ ನಡುಭಾಗ, ಅಂದರೆ ಹಬ್, ಬಿಸಿಯಿರುವಾಗ ಅದನ್ನು ತಣ್ಣನೆಯ ಹೊಳೆ ನೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತದೆ. ಹಾಗಾಗಿ ದೋಣಿ ಟ್ರೈಲರ್‌ಗೆ ಇದು ಸಣ್ಣ ಲಾಭವಲ್ಲ. ಯಾವ ಚಕ್ರವಿದ್ದರೂ ದಂಡೆ ತಲುಪಿದ ಮೇಲೆ ಇಪ್ಪತ್ತು ನಿಮಿಷ ಬಿಟ್ಟೇ ನೀರಿಗೆ ಇಳಿಸುತ್ತೇನೆ.

ಪಕ್ಕೆಯ ಎತ್ತರವನ್ನೂ ನೋಡಿ: 145/80ರಲ್ಲಿ 116 ಮಿ.ಮೀ., 145/70ರಲ್ಲಿ 101. ಆ ಒಂದೂವರೆ ಸೆಂಟಿಮೀಟರೇ ಹಂಪ್ ಹಾರುವಾಗಿನ ಹಿತ. 13 ಇಂಚಿನ 155/65 ಹಾಕಿದರೆ ಡಿಸ್ಕ್ ದೊಡ್ಡದಾಗುತ್ತದೆ ಅಷ್ಟೆ. ಟಯರ್‌ನ ಹೊರ ಎತ್ತರ 12 ಇಂಚಿನದಷ್ಟೇ ಉಳಿದು ಪಕ್ಕೆ ಮತ್ತೆ 101ಕ್ಕೆ ಇಳಿಯುತ್ತದೆ. ನಾನು 145/80 ಆರ್12 ಆರಿಸಿದ್ದು ಇದಕ್ಕೇ.

ಗಾಳಿಯ ವಿಷಯಕ್ಕೆ ಬರೋಣ. ಪಂಚರ್ ಅಂಗಡಿಯಲ್ಲಿ ‘ಎಷ್ಟು ಹಾಕ್ಲಿ ಅಣ್ಣಾ’ ಎಂದು ಕೇಳಿದಾಗ ಉತ್ತರ ನಿಮ್ಮ ಬಳಿಯೇ ಇರಬೇಕು. ಹೇಳದಿದ್ದರೆ 35 ತುಂಬಿ ಕಳಿಸುತ್ತಾರೆ. ಕಾರಿನ ಟಯರ್ 375 ಕಿಲೋ ಹೊರಲು ಬೇಕಾದ ಗಾಳಿ ಸುಮಾರು 36 ಪಿಎಸ್‌ಐ. ನನ್ನ 171 ಕಿಲೋ ಅದರ ಅರ್ಧಕ್ಕೂ ಕಡಿಮೆ. ಅದೇ ಪ್ರಮಾಣದಲ್ಲಿ ಭಾಗಿಸಿದರೆ 16 ಸಾಕು. ಆದರೆ ಅಲ್ಲಿಗೆ ನಿಲ್ಲಿಸಬಾರದು. 16ರಲ್ಲಿ ಮಡಿಕೇರಿ ರಸ್ತೆಯ ತಿರುವುಗಳಲ್ಲಿ ಪಕ್ಕೆ ವಾಲಿ ಟ್ರೈಲರ್ ತೂಗುತ್ತದೆ, ಕಲ್ಲಿನ ಅಂಚಿಗೆ ಡಿಸ್ಕ್ ಬಡಿಯುವ ಅಪಾಯವೂ ಇದೆ. ಎರಡೆರಡು ಪಾಯಿಂಟ್ ಏರಿಸುತ್ತಾ ಹೋಗಿ 22ರಲ್ಲಿ ನಿಂತೆ. ಸಾಮಾನು ಹೆಚ್ಚಿದ್ದರೆ 26. ಮೂವತ್ತಕ್ಕೆ ಹೋದರೆ ಕುಣಿತ ಮತ್ತೆ ಶುರು.

ಸರಿಯಾದ ಗಾಳಿಯನ್ನು ಕಾಫಿ ಒಣಗಿಸುವ ಕಣದ ಮೇಲೆ ಓದಬಹುದು. ಟಯರ್ ಒದ್ದೆ ಮಾಡಿ, ಹೇರು ಸಮೇತ ಟ್ರೈಲರನ್ನು ಒಣ ಸಿಮೆಂಟಿನ ಮೇಲೆ ನೇರವಾಗಿ ಮೂರು ಮೀಟರ್ ಎಳೆಯಿರಿ. 36 ಪಿಎಸ್‌ಐ ಇದ್ದಾಗ ನೆಲದ ಮೇಲೆ ಉಳಿದದ್ದು ಎರಡು ಇಂಚಿನ ಪಟ್ಟಿ: ನಡುಭಾಗ ಮಾತ್ರ ತಾಗಿದೆ, ಎರಡೂ ಅಂಚು ಒಣ ನೆಲ. 22ಕ್ಕೆ ಇಳಿಸಿ ಮತ್ತೆ ಎಳೆದಾಗ ಪೂರ್ತಿ ಅಗಲದ ಗುರುತು, ಅಂಚಿನ ಗೀರುಗಳೂ ಸ್ಪಷ್ಟ. ಇನ್ನೂ ಇಳಿಸಿದರೆ ಅಂಚುಗಳು ಗಾಢವಾಗಿ ನಡು ತೆಳುವಾಗುತ್ತದೆ. ಅದು ಗಾಳಿ ಕಡಿಮೆಯಾದ ಲಕ್ಷಣ. ಕಾರಣ ಸರಳ. ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಸಿಗುತ್ತದೆ. 36ರಲ್ಲಿ ಸುಮಾರು 67 ಚದರ ಸೆಂ.ಮೀ., 22ರಲ್ಲಿ 110. ಎರಡನೇ ಪರೀಕ್ಷೆ ರಸ್ತೆಯಲ್ಲಿ: ಬೆಳಿಗ್ಗೆ ತಣ್ಣಗಿರುವಾಗ 22 ಹಾಕಿದ್ದು 15 ಕಿಲೋಮೀಟರ್ ಓಡಿದ ಮೇಲೆ 24 ಅಥವಾ 25 ತೋರಿಸಿದರೆ ಒಳ್ಳೆಯದು. 27 ದಾಟಿದರೆ ಪಕ್ಕೆ ಅತಿಯಾಗಿ ಬಾಗಿ ಬಿಸಿಯಾಗುತ್ತಿದೆ ಎಂದರ್ಥ, ಎರಡು ಪಾಯಿಂಟ್ ಏರಿಸಿ. ಬಿಸಿಯಿದ್ದಾಗ ಗಾಳಿ ಬಿಟ್ಟು 22ಕ್ಕೆ ತರುವ ತಪ್ಪು ಮಾಡಬೇಡಿ.

ಎಂಟರಿಂದ ಹನ್ನೆರಡಿಂಚಿಗೆ ಹೋಗುವಾಗ ಟಯರ್ ಮಾತ್ರ ಬದಲಾಯಿಸಿದರೆ ಆಗದು. ಹಬ್ ಸಮೇತ ಬದಲಾಗಬೇಕು. ಗುಜರಿಯಲ್ಲಿ ಸಿಗುವ ಹಳೆ ಮಾರುತಿ 800 ಅಥವಾ ಓಮ್ನಿ ಡಿಸ್ಕ್‌ಗೆ ನಾಲ್ಕು ಬೋಲ್ಟ್, ಎದುರುಬದುರು ಬೋಲ್ಟ್‌ಗಳ ನಡುಮಧ್ಯದ ಅಂತರ 114.3 ಮಿ.ಮೀ. ಕೊಳ್ಳುವ ಮುನ್ನ ಅಳೆದೇ ನೋಡಿ. ಡಿಸ್ಕ್ ನೆಟ್ಟಗಿದೆಯೇ ಎಂದು ಹಬ್‌ಗೆ ಹಾಕಿ ತಿರುಗಿಸಿ, ಅಂಚಿಗೆ ಸೀಮೆಸುಣ್ಣ ಹಿಡಿದು ಪರೀಕ್ಷಿಸಿ: ಸುತ್ತಲೂ ಗೆರೆ ಬಿದ್ದರೆ ನೇರ, ಒಂದೇ ಕಡೆ ಬಿದ್ದರೆ ಬಾಗಿದೆ. ಟಯರ್ ಅಂಚು ಕೂರುವ ಜಾಗದ ತುಕ್ಕು ಕೆರೆದು ಪೇಂಟ್ ಮಾಡದಿದ್ದರೆ ಟ್ಯೂಬ್‌ಲೆಸ್ ಟಯರ್ ವಾರಕ್ಕೆ ನಾಲ್ಕೈದು ಪಾಯಿಂಟ್ ಕಳೆದುಕೊಳ್ಳುತ್ತದೆ. ಮಡ್‌ಗಾರ್ಡ್ ಕೆಳಗೆ ಕನಿಷ್ಠ 50 ಮಿ.ಮೀ. ಬಿಡಿ. ವೀಲ್ ಬ್ಯಾಲೆನ್ಸ್ ಮಾಡಿಸಿ. ನಟ್‌ಗಳನ್ನು ಮೊದಲ 30 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.

ಟ್ರೈಲರ್ ಆರು ಸೆಂಟಿಮೀಟರ್ ಎತ್ತರವಾಗುತ್ತದೆ ಎಂಬುದು ಬಹಳ ಜನರಿಗೆ ದಂಡೆಗೆ ಹೋದ ಮೇಲೆ ತಿಳಿಯುತ್ತದೆ. ಹತ್ತಕ್ಕೆ ಒಂದು ಇಳಿಜಾರಿರುವ ದಂಡೆಯಲ್ಲಿ ದೋಣಿ ತೇಲಲು ಚಕ್ರ ಇನ್ನೂ 60 ಸೆಂ.ಮೀ. ನೀರಿನೊಳಗೆ ಹೋಗಬೇಕು. ನೀರು ಇಳಿದ ಹಿನ್ನೀರಿನಲ್ಲಿ ಆ 60 ಸೆಂ.ಮೀ. ಎಂದರೆ ಬರಿ ಕೆಸರು. ಆಕ್ಸಲ್ ಪ್ಲೇಟ್‌ನ ಕೆಳಗಿದ್ದರೆ ಮೇಲಕ್ಕೆ ವರ್ಗಾಯಿಸಿ ಎತ್ತರ ಇಳಿಸಬಹುದು. ಆದರೆ ಚಾಸಿಸ್‌ಗೆ ಆಕ್ಸಲ್ ಬಡಿಯದಷ್ಟು ಜಾಗ ಉಳಿಯಬೇಕು. ನನ್ನದರಲ್ಲಿ ಉಳಿಯುತ್ತಿರಲಿಲ್ಲ. ಹಾಗಾಗಿ ಎತ್ತರ ಹಾಗೇ ಬಿಟ್ಟು ದೋಣಿ ಕೂರುವ ಹಲಗೆಗಳ ಬೆಂಬಲವನ್ನು 4 ಸೆಂ.ಮೀ. ತಗ್ಗಿಸಿದೆ. ಮೂಕಿ ನೆಲಕ್ಕೆ ಸಮಾಂತರ ಉಳಿಯುವಂತೆ ಜೀಪಿನ ಕೊಂಡಿಯನ್ನೂ ಏರಿಸಬೇಕು.

ಟಯರ್ ಮತ್ತು ಗಾಳಿ ಸರಿಯಾದ ಮೇಲೆಯೇ ಪ್ಲೇಟ್‌ಗೆ ಕೈ ಹಾಕಿ. ನನ್ನದರಲ್ಲಿದ್ದ ಐದು ಪ್ಲೇಟ್ ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ದವು. ಮೇಲಿನ ಮುಖ್ಯ ಪ್ಲೇಟ್, ಅದರ ಕೆಳಗಿನದು, ಇನ್ನೊಂದು ಉಳಿಸಿ ಎರಡು ತೆಗೆದೆ. ತಂತಿ ಬ್ರಷ್‌ನಿಂದ ಉಜ್ಜಿ ತೆಳ್ಳಗೆ ಗ್ರಾಫೈಟ್ ಗ್ರೀಸ್ ಸವರಿ, ನಡುವಿನ ಬೋಲ್ಟ್‌ಗೆ ಬದಲಾಗಿ ಚಿಕ್ಕದು ಹಾಕಿದೆ. ಎಣ್ಣೆ ಸುರಿಯಬಾರದು. ಶಾಕ್ ಅಬ್ಸಾರ್ಬರ್ ಇಲ್ಲದ ಟ್ರೈಲರ್‌ನಲ್ಲಿ ಪ್ಲೇಟ್‌ಗಳ ಉಜ್ಜಾಟವೇ ಕುಣಿತ ನಿಲ್ಲಿಸುವುದು. ಮತ್ತೆ ಜೇಡಿಮಣ್ಣಿನ ಉಂಡೆ ಇಟ್ಟು ಅದೇ ದಾರಿಯಲ್ಲಿ ಎಳೆದಾಗ 20 ಮಿ.ಮೀ. ಚಪ್ಪಟೆ. ಬೆಲ್ಟ್ ಈಗ ಮನೆಯಿಂದ ದಂಡೆಯವರೆಗೆ ಕಟ್ಟಿದ ಹಾಗೇ ಇರುತ್ತದೆ.

ಜೀಪಿಗೆ ಹಾಕುವ, ದಪ್ಪ ಗುಬುಟುಗಳಿರುವ ಬಟನ್ ಟಯರ್ ಟ್ರೈಲರ್‌ಗೆ ಬೇಕಿಲ್ಲ. ಟ್ರೈಲರ್ ಚಕ್ರ ಎಳೆಯುವುದಿಲ್ಲ, ಉರುಳುತ್ತದೆ. ಡಾಂಬರಿನ ಮೇಲೆ ಬಟನ್ ಕೊಡುವುದು ನಡುಕ ಮಾತ್ರ. ಒಂದು ಬದಿ ನೈಲಾನ್, ಇನ್ನೊಂದು ಬದಿ ರೇಡಿಯಲ್ ಹಾಕಲೇಬಾರದು. ನೈಲಾನ್‌ಗೆ ಇನ್ನೊಂದು ದೋಷವಿದೆ: ತಿಂಗಳುಗಟ್ಟಲೆ ನಿಂತರೆ ನೆಲ ತಾಗಿದ ಭಾಗ ಚಪ್ಪಟೆಯಾಗಿ, ಹೊರಟ ಮೇಲೆ ಹಲವು ಕಿಲೋಮೀಟರ್ ದಡಬಡ ಎನ್ನುತ್ತದೆ.

ದೋಣಿ ಟ್ರೈಲರ್ ಟಯರ್ ಸವೆದು ಸಾಯುವುದು ಅಪರೂಪ, ವಯಸ್ಸಾಗಿ ಸಾಯುತ್ತದೆ. ಪಕ್ಕೆಯ ಮೇಲಿನ ತಯಾರಿಕೆ ಸಂಕೇತದ ಕೊನೆಯ ನಾಲ್ಕು ಅಂಕೆ ನೋಡಿ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಚೆನ್ನಾಗಿದ್ದರೂ ಆರು ವರ್ಷಕ್ಕೆ ಬದಲಾಯಿಸುತ್ತೇನೆ. ಮೇ ಕೊನೆಯಲ್ಲಿ ಟ್ರೈಲರನ್ನು ಶೆಡ್‌ಗೆ ಸೇರಿಸಿ, ಆಕ್ಸಲ್‌ನ ಎರಡೂ ತುದಿಗೆ ಸಿಲ್ವರ್ ಓಕ್ ತುಂಡು ಕೊಟ್ಟು ಚಕ್ರ ನೆಲ ಬಿಡುವಂತೆ ಎತ್ತುತ್ತೇನೆ, ಗಾಳಿ ಮಾತ್ರ 22ರಲ್ಲೇ ಇಟ್ಟಿರುತ್ತೇನೆ. ಕರಡಿಗೋಡಿನಂಥ ಕಡೆ ಕಾವೇರಿ ಉಕ್ಕಿ ದೋಣಿ ಬೇಕಾದರೆ ಜಾಕ್ ಕೊಟ್ಟು ತುಂಡು ತೆಗೆಯಲು ಹತ್ತು ನಿಮಿಷ ಸಾಕು. ಸ್ಟೆಪ್ನಿ, ಜಾಕ್ ಕೆಳಗಿಡಲು ಒಂದು ಅಗಲದ ಹಲಗೆ, ಗಾಳಿ ಅಳೆಯುವ ಗೇಜ್ ಮೂರೂ ಟ್ರೈಲರ್‌ನಲ್ಲೇ ಕಟ್ಟಿರುತ್ತವೆ.