ಜರ್ನಲ್‌ಗೆ ಕಳಿಸುವ ಮೊದಲು ಉಲ್ಲೇಖ ಪಟ್ಟಿ: ನಾನು ಮಾಡುವ ಬಗೆ

ಉಲ್ಲೇಖ ಪಟ್ಟಿಯ ತಪ್ಪು ಕೊನೆಯಲ್ಲಿ ಕಣ್ಣಿಗೆ ಬೀಳುತ್ತದೆ, ಆದರೆ ಹುಟ್ಟುವುದು ಮೊದಲ ದಿನ. ಉಲ್ಲೇಖಗಳನ್ನು ಕೂಡಿಟ್ಟು ಪಟ್ಟಿ ಮಾಡಿಕೊಡುವ ಜೊಟೆರೊ ಎಂಬ ತಂತ್ರಾಂಶಕ್ಕೆ ಪೇಪರ್ ಸೇರಿಸುವಾಗಲೇ ಲೇಖಕರ ಹೆಸರು ತಿರುವುಮುರುವಾಗಿದ್ದರೆ, ಮುಂದೆ ಉಲ್ಲೇಖ ಶೈಲಿಯಾಗಿ ಎಪಿಎ (ಪಠ್ಯದೊಳಗೆ ಲೇಖಕರ ಹೆಸರು, ವರ್ಷ ಕೊಡುವುದು) ಆರಿಸಿದರೂ ವ್ಯಾಂಕೂವರ್ (ಸಂಖ್ಯೆ ಕೊಡುವುದು) ಆರಿಸಿದರೂ ಅದೇ ತಪ್ಪು ಬರುತ್ತದೆ. ಆದ್ದರಿಂದ ನಾನು ವರ್ಡ್‌ನಲ್ಲಿ ಕಾಣುವ ಪಟ್ಟಿಯನ್ನು ಮುಟ್ಟುವುದಿಲ್ಲ. ಜೊಟೆರೊದಲ್ಲಿರುವ ನಮೂದನ್ನು ತಿದ್ದಿ, ವರ್ಡ್‌ಗೆ ಬಂದು ರಿಫ್ರೆಶ್ ಒತ್ತುತ್ತೇನೆ. ವರ್ಡ್‌ನಲ್ಲಿ ಕೈಯಿಂದ ತಿದ್ದಿದ್ದು ಮುಂದಿನ ರಿಫ್ರೆಶ್‌ಗೆ ಅಳಿಸಿಹೋಗುತ್ತದೆ.

ಒಂದು ನಮೂದನ್ನು ಹತ್ತಿರದಿಂದ ನೋಡೋಣ. ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ 1928ರಲ್ಲಿ ನೇಚರ್‌ನಲ್ಲಿ ಪ್ರಕಟಿಸಿದ ‘ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಶನ್’: ಸಂಪುಟ 121, ಸಂಚಿಕೆ 3048, ಪುಟ 501ರಿಂದ 502. ಇದನ್ನು ಡಿಒಐ (ಪೇಪರಿನ ಶಾಶ್ವತ ಗುರುತುಸಂಖ್ಯೆ) ಹಾಕಿ ಜೊಟೆರೊದ ಮಂತ್ರದಂಡದ ಚಿತ್ರವಿರುವ ಗುಂಡಿಯಿಂದ ತರಿಸಿಕೊಂಡ ಮೇಲೆ ಮೂರು ಕಡೆ ಕಣ್ಣಾಡಿಸುತ್ತೇನೆ. ಹೆಸರುಗಳು ಪೂರ್ತಿ ದೊಡ್ಡಕ್ಷರದಲ್ಲಿ ಬಂದಿವೆಯೇ? ಹಳೆಯ ಪೇಪರುಗಳಲ್ಲಿ ಹೀಗಾಗುವುದುಂಟು. ಶೀರ್ಷಿಕೆಯ ಪ್ರತಿ ಪದವೂ ದೊಡ್ಡಕ್ಷರದಿಂದ ಶುರುವಾಗಿದೆಯೇ? ಹಾಗಿದ್ದರೆ ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಂಟೆನ್ಸ್ ಕೇಸ್’ ಆರಿಸಬೇಕು, ಆಮೇಲೆ ಊರು, ವ್ಯಕ್ತಿ, ಡಿಎನ್‌ಎಯಂಥ ಪದಗಳನ್ನು ಕೈಯಿಂದ ಮತ್ತೆ ದೊಡ್ಡಕ್ಷರಕ್ಕೆ ತರಬೇಕು. ಎಪಿಎಗೂ ವ್ಯಾಂಕೂವರ್‌ಗೂ ಬೇಕಾದದ್ದು ಈ ರೂಪವೇ. ಮೂರನೆಯದು ಪುಟಸಂಖ್ಯೆ: ಅದನ್ನು ಪೂರ್ತಿಯಾಗಿಯೇ, ಅಂದರೆ 501ರಿಂದ 502 ಎಂದೇ ಇಟ್ಟಿರಬೇಕು.

ನಮೂದು ಶುದ್ಧವಾಗಿದ್ದರೆ ಉಳಿದದ್ದನ್ನು ಶೈಲಿಯೇ ನೋಡಿಕೊಳ್ಳುತ್ತದೆ. ವ್ಯಾಂಕೂವರ್‌ನಲ್ಲಿ ಕುಲನಾಮದ ನಂತರ ಅಲ್ಪವಿರಾಮವಿಲ್ಲ, ಇನಿಷಿಯಲ್‌ಗಳಿಗೆ ಚುಕ್ಕಿಯಿಲ್ಲ, ವರ್ಷ, ಅರ್ಧವಿರಾಮ, ಸಂಪುಟಗಳ ನಡುವೆ ಜಾಗವಿಲ್ಲ, ಪುಟ 501-2 ಎಂದು ಮೊಟಕಾಗುತ್ತದೆ. ಎಪಿಎ ಏಳನೇ ಆವೃತ್ತಿಯಲ್ಲಿ ಅಲ್ಪವಿರಾಮವೂ ಚುಕ್ಕಿಯೂ ಉಂಟು, ವರ್ಷ ಕಂಸದಲ್ಲಿ, ಜರ್ನಲ್ ಹೆಸರು ಮತ್ತು ಸಂಪುಟ ಮಾತ್ರ ಇಟಾಲಿಕ್, ಸಂಚಿಕೆ ಸಂಖ್ಯೆ ನೆಟ್ಟಗೆ, ಪುಟ 501–502 ಎಂದು ಉದ್ದ ಗೆರೆಯೊಂದಿಗೆ. ಡಿಒಐ ಪೂರ್ತಿ ಲಿಂಕಾಗಿ ಬರುತ್ತದೆ, ಅದರ ಕೊನೆಗೆ ಚುಕ್ಕಿ ಹಾಕುವಂತಿಲ್ಲ.

ನಾನು ಅತಿ ಹೆಚ್ಚು ಹೊತ್ತು ಕೊಡುವುದು ನಮ್ಮವರ ಹೆಸರುಗಳಿಗೆ. ಜೊಟೆರೊದಲ್ಲಿ ಹೆಸರಿಗೆ ಎರಡು ಖಾನೆ, ಕುಲನಾಮದ್ದೊಂದು, ಸ್ವಂತ ಹೆಸರಿನದ್ದೊಂದು. ಕುಲನಾಮವೇ ಇಲ್ಲದ, ಇನಿಷಿಯಲ್ ಹಿಂದೆ ಬರೆಯುವ ಮಂಜುನಾಥ ಕೆ. ಎಂಬ ಹೆಸರು ಪ್ರಕಾಶಕರಿಂದ ಬರುವಾಗ ‘ಕೆ.’ ಕುಲನಾಮದ ಖಾನೆಯಲ್ಲಿ ಕೂತಿರುತ್ತದೆ. ಆಗ ಎಪಿಎ ಪಠ್ಯದೊಳಗೆ ‘(ಕೆ., 2019)’ ಎಂದು ಬರುತ್ತದೆ, ಪಟ್ಟಿಯಲ್ಲಿ ಅವರು ಬೇರೆಲ್ಲೋ ಹೋಗಿ ಸೇರುತ್ತಾರೆ. ವ್ಯಾಂಕೂವರ್‌ನಲ್ಲಂತೂ ‘ಕೆ ಎಂ’ ಎಂಬೆರಡು ಅಕ್ಷರ ಮಾತ್ರ ಉಳಿದು ಮನುಷ್ಯರೇ ಕಾಣೆಯಾಗುತ್ತಾರೆ. ಒಬ್ಬರ ವರ್ಷಗಟ್ಟಲೆ ದುಡಿಮೆಗೆ ಅವರ ಹೆಸರೇ ಇಲ್ಲವಾಗುವುದು ಸಣ್ಣ ವಿಷಯವಲ್ಲ. ಮಂಜುನಾಥವನ್ನು ಕುಲನಾಮದ ಖಾನೆಗೂ ‘ಕೆ.’ಯನ್ನು ಇನ್ನೊಂದಕ್ಕೂ ಹಾಕಿದರೆ ಸರಿಹೋಗುತ್ತದೆ. ಅವರ ಬೇರೆ ಪೇಪರುಗಳಲ್ಲಿ ಹೆಸರು ಹೇಗಿದೆ ಎಂದು ಒಮ್ಮೆ ನೋಡಿಕೊಂಡೇ ಈ ಬದಲಾವಣೆ ಮಾಡಬೇಕು.

ಸಂಸ್ಥೆಯೇ ಲೇಖಕನಾಗಿದ್ದರೆ ಹೆಸರಿನ ಪಕ್ಕದ ಸಣ್ಣ ಗುಂಡಿ ಒತ್ತಿ ಒಂದೇ ಖಾನೆ ಮಾಡಿಕೊಳ್ಳಿ. ಇಲ್ಲದಿದ್ದರೆ ಇಂಡಿಯನ್ ಕೌನ್ಸಿಲ್ ಆಫ್ ಮೆಡಿಕಲ್ ರಿಸರ್ಚ್ ಎಂಬುದು ‘ರಿಸರ್ಚ್’ ಎಂಬ ಕುಲನಾಮದ ವ್ಯಕ್ತಿಯಾಗಿಬಿಡಬಹುದು.

ಎಪಿಎಯಲ್ಲಿ ಇನ್ನೊಂದು ತೊಡಕು. ರಾವ್, ಭಟ್, ಹೆಗಡೆ ಎಂಬ ಕುಲನಾಮದವರು ನಮ್ಮಲ್ಲಿ ಧಾರಾಳ. ಇಬ್ಬರು ಬೇರೆ ಬೇರೆ ರಾವ್‌ಗಳಿದ್ದರೆ ಪಠ್ಯದೊಳಗೆ ಇನಿಷಿಯಲ್ ಸೇರಿಸಬೇಕು ಎಂಬುದು ನಿಯಮ, ಅದು ಸರಿ. ಆದರೆ ಒಬ್ಬರೇ ರಾವ್ ಒಂದು ನಮೂದಿನಲ್ಲಿ ಚುಕ್ಕಿಯೊಂದಿಗೆ, ಇನ್ನೊಂದರಲ್ಲಿ ಚುಕ್ಕಿಯಿಲ್ಲದೆ, ಮತ್ತೊಂದರಲ್ಲಿ ಪೂರ್ಣ ಹೆಸರಿನಿಂದ ಇದ್ದರೆ ಜೊಟೆರೊ ಅವರನ್ನು ಬೇರೆ ಬೇರೆ ಜನ ಎಂದು ತಿಳಿಯುತ್ತದೆ. ಪಠ್ಯದಲ್ಲಿ ಒಂದು ಹೆಸರಿಗೆ ಮಾತ್ರ ಇನಿಷಿಯಲ್ ಅಂಟಿಕೊಂಡಿದ್ದು ಕಂಡರೆ ಮೊದಲು ಹುಡುಕಬೇಕಾದದ್ದು ಇದನ್ನೇ.

ಕನ್ನಡ ಪುಸ್ತಕವನ್ನು ಇಂಗ್ಲಿಷ್ ಜರ್ನಲ್‌ನಲ್ಲಿ ಉಲ್ಲೇಖಿಸುವಾಗ ಶೀರ್ಷಿಕೆಯನ್ನು ರೋಮನ್ ಲಿಪಿಗೆ ತಂದು, ಅದರ ಇಂಗ್ಲಿಷ್ ಅರ್ಥವನ್ನು ಚೌಕ ಕಂಸದಲ್ಲಿ ಕೊಡುವುದು ಎಪಿಎ ಕ್ರಮ. ಲಿಪ್ಯಂತರಕ್ಕೆ ನಾನು ಐಎಸ್‌ಒ 15919 ಎಂಬ ಅಂತರರಾಷ್ಟ್ರೀಯ ಮಾನದಂಡ ಹಿಡಿಯುತ್ತೇನೆ, ಒಂದು ಲೇಖನದುದ್ದಕ್ಕೂ ಅದೊಂದನ್ನೇ. ಭಾಷೆಯ ಖಾನೆಯಲ್ಲಿ ಕನ್ನಡದ ಎರಡಕ್ಷರದ ಸಂಕೇತ ‘ಕೆಎನ್’ ತುಂಬುವುದನ್ನು ಮರೆಯಬಾರದು. ಅದು ಖಾಲಿಯಿದ್ದರೆ ಜೊಟೆರೊ ಇಂಗ್ಲಿಷ್ ಎಂದುಕೊಂಡು, ಕೆಲವು ಶೈಲಿಗಳಲ್ಲಿ ಕನ್ನಡ ಪದಗಳ ಮೊದಲಕ್ಷರವನ್ನೆಲ್ಲ ದೊಡ್ಡದು ಮಾಡುತ್ತದೆ.

ಇನ್ನು ಶೈಲಿಯ ಆಯ್ಕೆ. ಜರ್ನಲ್ ಲೇಖಕರಿಗೆ ಕೊಡುವ ಸೂಚನೆಗಳ ಜೊತೆಗೆ ಅದರ ಹೊಸ ಸಂಚಿಕೆಯ ಒಂದು ಪೇಪರ್ ಇಳಿಸಿಕೊಳ್ಳುತ್ತೇನೆ. ಎರಡೂ ಹೊಂದದಿದ್ದರೆ ಸೂಚನೆಯ ಪ್ರಕಾರವೇ ಹೋಗುತ್ತೇನೆ. ಜೊಟೆರೊದ ಶೈಲಿ ಭಂಡಾರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶೈಲಿಗಳಿವೆ, ಮೊದಲು ಅಲ್ಲಿ ಜರ್ನಲ್ ಹೆಸರು ಹುಡುಕಿ. ಸಿಗದಿದ್ದರೆ ಹತ್ತಿರದ್ದೊಂದನ್ನು ತಿದ್ದಬಹುದು. ‘ಮೊದಲ ಆರು ಲೇಖಕರು, ಆಮೇಲೆ ಎಟ್ ಆಲ್ (ಮತ್ತು ಇತರರು)’ ಎಂದು ಕೇಳಿದರೆ ಶೈಲಿಯ ಕಡತದಲ್ಲಿ ಎಟ್-ಆಲ್-ಮಿನ್‌ಗೆ (ಎಷ್ಟು ಲೇಖಕರಿದ್ದರೆ ಮೊಟಕು ಮಾಡಬೇಕು) 7, ಎಟ್-ಆಲ್-ಯೂಸ್-ಫಸ್ಟ್‌ಗೆ (ಆಗ ಎಷ್ಟು ಹೆಸರು ತೋರಿಸಬೇಕು) 6 ಕೊಡಬೇಕು. ಹಲವರು ಎರಡಕ್ಕೂ 6 ಹಾಕಿ, ಸರಿಯಾಗಿ ಆರೇ ಲೇಖಕರಿರುವ ಪೇಪರಿಗೂ ಎಟ್ ಆಲ್ ಬರಿಸಿಕೊಳ್ಳುತ್ತಾರೆ. ತಿದ್ದಿದ ಶೈಲಿಯ ಹೆಸರನ್ನೂ ಐಡಿಯನ್ನೂ ಬದಲಾಯಿಸಿ, ಇಲ್ಲದಿದ್ದರೆ ಮುಂದಿನ ಅಪ್‌ಡೇಟ್ ನಿಮ್ಮ ತಿದ್ದುಪಡಿಯನ್ನು ನುಂಗುತ್ತದೆ. ಜರ್ನಲ್ ಹೆಸರಿನ ಸಂಕ್ಷೇಪಕ್ಕೆ ಎನ್‌ಎಲ್‌ಎಂ (ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ) ಕ್ಯಾಟಲಾಗ್ ನೋಡಿದರೆ ಸಾಕು. ನೇಚರ್, ರೆಸೊನೆನ್ಸ್‌ನಂಥ ಒಂದೇ ಪದದ ಹೆಸರನ್ನು ಮೊಟಕು ಮಾಡುವುದಿಲ್ಲ.

ಸಂಖ್ಯಾಕ್ರಮದ ಶೈಲಿಯಲ್ಲಿ ಕೋಷ್ಟಕಗಳು ಕೈಕೊಡುತ್ತವೆ. ಕೋಷ್ಟಕದಲ್ಲಿ ಮಾತ್ರ ಬರುವ ಉಲ್ಲೇಖಕ್ಕೆ, ಪಠ್ಯದಲ್ಲಿ ಆ ಕೋಷ್ಟಕದ ಪ್ರಸ್ತಾಪ ಮೊದಲು ಬಂದ ಜಾಗದ ಲೆಕ್ಕದಲ್ಲಿ ಸಂಖ್ಯೆ ಕೊಡಬೇಕು ಎಂದು ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ (ಐಸಿಎಂಜೆಇ) ಹೇಳುತ್ತದೆ. ಜೊಟೆರೊ ಮಾತ್ರ ಕಡತದಲ್ಲಿ ಉಲ್ಲೇಖ ಇರುವ ಜಾಗ ನೋಡಿ ಎಣಿಸುತ್ತದೆ. ಕೋಷ್ಟಕಗಳನ್ನೆಲ್ಲ ಕೊನೆಗಿಟ್ಟರೆ ಅವುಗಳ ಉಲ್ಲೇಖಗಳಿಗೆ ಕೊನೆಯ ಸಂಖ್ಯೆಗಳೇ ಸಿಗುತ್ತವೆ. ಹಾಗಾಗಿ ಬರೆಯುವಾಗ ಕೋಷ್ಟಕವನ್ನು ಮೊದಲ ಪ್ರಸ್ತಾಪದ ಕೆಳಗೇ ಇಟ್ಟುಕೊಂಡು, ಉಲ್ಲೇಖಗಳನ್ನು ಸಾದಾ ಪಠ್ಯಕ್ಕೆ ತಂದ ಮೇಲೆ ಕೊನೆಗೆ ಸಾಗಿಸುತ್ತೇನೆ.

ಸಹಲೇಖಕರಿದ್ದರೆ ಎಲ್ಲರೂ ಜೊಟೆರೊದಲ್ಲಿ ಹಂಚಿಕೊಂಡ ಒಂದೇ ಗ್ರೂಪ್ ಲೈಬ್ರರಿಯಿಂದ ಉಲ್ಲೇಖ ಸೇರಿಸಬೇಕು. ಒಂದೇ ಪೇಪರನ್ನು ಇಬ್ಬರು ತಂತಮ್ಮ ಸ್ವಂತ ಲೈಬ್ರರಿಯಿಂದ ಹಾಕಿದರೆ ಪಟ್ಟಿಯಲ್ಲಿ ಅದು ಎರಡು ಸಂಖ್ಯೆ ಪಡೆಯುತ್ತದೆ. ಯಾರಾದರೂ ಉಲ್ಲೇಖವನ್ನು ಕೈಯಿಂದ ಟೈಪ್ ಮಾಡಿದ್ದರೆ ಅದು ಪಟ್ಟಿಗೆ ಬರುವುದೇ ಇಲ್ಲ. ಇದನ್ನು ಪತ್ತೆ ಹಚ್ಚಲು ವರ್ಡ್‌ನಲ್ಲಿ ಆಲ್ಟ್ ಮತ್ತು ಎಫ್9 ಒಟ್ಟಿಗೆ ಒತ್ತಿ. ನಿಜವಾದ ಉಲ್ಲೇಖಗಳೆಲ್ಲ ಉದ್ದನೆಯ ಕೋಡ್ ಆಗಿ ಬಿಚ್ಚಿಕೊಳ್ಳುತ್ತವೆ, ಕೈಯಿಂದ ಹಾಕಿದವು ಇದ್ದಂತೆಯೇ ಉಳಿಯುತ್ತವೆ.

ಕಳಿಸುವ ಹಿಂದಿನ ದಿನ ಪ್ರತಿಯೊಂದು ಡಿಒಐಯನ್ನೂ ಬ್ರೌಸರ್‌ನಲ್ಲಿ ತೆರೆದು ಶೀರ್ಷಿಕೆ, ವರ್ಷ, ಮೊದಲ ಲೇಖಕರನ್ನು ಪಟ್ಟಿಯೊಂದಿಗೆ ತಾಳೆ ನೋಡುತ್ತೇನೆ. ಇದರಲ್ಲಿ ರಿಯಾಯಿತಿಯಿಲ್ಲ. ಚಾಟ್‌ಬಾಟ್ ಕೊಟ್ಟ ಉಲ್ಲೇಖವೊಂದು ನುಸುಳಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ: ಲಿಂಕ್ ತೆರೆಯುವುದಿಲ್ಲ, ಇಲ್ಲವೇ ಸಂಬಂಧವೇ ಇಲ್ಲದ ಪೇಪರ್ ತೆರೆಯುತ್ತದೆ. ಹಿಂತೆಗೆದುಕೊಂಡ ಪೇಪರಿದ್ದರೆ ಜೊಟೆರೊ ಕೆಂಪು ಬಣ್ಣದ ಅಡ್ಡಪಟ್ಟಿಯಲ್ಲಿ ಎಚ್ಚರಿಸುತ್ತದೆ, ಅದನ್ನೂ ಗಮನಿಸಿ. ಆಮೇಲೆ ಕಡತದ ಇನ್ನೊಂದು ಪ್ರತಿ ಮಾಡಿ, ಆ ಪ್ರತಿಯಲ್ಲಿ ಮಾತ್ರ ‘ಅನ್‌ಲಿಂಕ್ ಸೈಟೇಶನ್ಸ್’ ಒತ್ತುತ್ತೇನೆ, ಆಗ ಉಲ್ಲೇಖಗಳು ಜೊಟೆರೊದಿಂದ ಕಳಚಿಕೊಂಡು ಸಾದಾ ಪಠ್ಯವಾಗುತ್ತವೆ. ಮೂಲ ಕಡತ ಹಾಗೇ ಇರಬೇಕು, ಪರಿಷ್ಕರಣೆಗೆ ವಾಪಸ್ ಬಂದಾಗ ಕೆಲಸ ಮಾಡುವುದು ಅದರಲ್ಲೇ. ಅಪ್‌ಲೋಡ್ ಆದ ಮೇಲೆ ಜರ್ನಲ್‌ನ ವ್ಯವಸ್ಥೆ ಕಟ್ಟಿಕೊಡುವ ಪಿಡಿಎಫ್‌ನಲ್ಲಿ ಲಿಪ್ಯಂತರದ ಚಿಹ್ನೆಗಳಿರುವ ಸಾಲುಗಳನ್ನು ಹುಡುಕಿ ನೋಡುತ್ತೇನೆ. ಫಾಂಟ್ ಕೈಕೊಟ್ಟರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಾಣುತ್ತದೆ. ಒಪ್ಪಿಗೆ ಗುಂಡಿ ಒತ್ತುವ ಮೊದಲು ಫಾಂಟ್ ಬದಲಿಸಿ ಮತ್ತೆ ಅಪ್‌ಲೋಡ್ ಮಾಡಬೇಕು.